ಹಚ್ಚೆಗೆ ಏನು ಹಚ್ಚಬೇಕು, ಎಷ್ಟು ಹಚ್ಚಬೇಕು?

ನೀಲಿಗೆರೆ:
ಮೊದಲ ಹಚ್ಚೆ ಹಾಕಿಸಿಕೊಂಡು ಇವತ್ತಿಗೆ ನಾಲ್ಕು ದಿನ. ಎಡ ಮುಂಗೈ ಮೇಲೆ ಒಂದು ಮಿಂಚುಳ್ಳಿ. ಬೆನ್ನು ನೀಲಿ, ಹೊಟ್ಟೆ ಕೇಸರಿ, ಅಂಗೈಯಷ್ಟು ಅಗಲ. ಕೆಲಸ ಮುಗಿದ ಮೇಲೆ "ಬಾಮ್ ಹಚ್ಚಿಕೊಳ್ಳಿ" ಅಂತ ಹೇಳಿ ಕಳಿಸಿದರು. ಯಾವ ಬಾಮ್, ದಿನಕ್ಕೆ ಎಷ್ಟು ಸಲ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ರಾತ್ರಿಯ ಕಥೆ ಹೇಳಲು ನಾಚಿಕೆ. ಆದರೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಬಾಮ್ ಅಂದರೆ ಒಂದೇ, ತಲೆನೋವು ಬಂದಾಗ ಹಣೆಗೆ ತಿಕ್ಕುವ ಡಬ್ಬಿ. ಅದನ್ನೇ ತೆಗೆದು ಹಕ್ಕಿಯ ಬಾಲಕ್ಕೆ ಸವರಿದೆ. ಹತ್ತು ಎಣಿಸುವುದರೊಳಗೆ ಉರಿ ಹತ್ತಿಕೊಂಡಿತು. ಆಮೇಲೆ ನಲ್ಲಿ ಕೆಳಗೆ ಕೈ ಹಿಡಿದು ಕುಣಿದದ್ದೇ ಕುಣಿದದ್ದು.

ಮರುದಿನ ಹಚ್ಚೆಗೆಂದೇ ಮಾಡಿದ ಬಾಮ್ ತರಿಸಿದೆ. ಶಿಯಾ ಬೆಣ್ಣೆ (ಆಫ್ರಿಕಾದ ಒಂದು ಮರದ ಬೀಜದ ಕೊಬ್ಬು), ಜೇನುಮೇಣ, ಲ್ಯಾವೆಂಡರ್ ಎಣ್ಣೆ ಇದೆ ಅಂತ ಬರೆದಿದೆ. ಮೊದಲ ದಿನದ ತಪ್ಪನ್ನು ತುಂಬಿಕೊಡೋಣ ಅಂತ ದಿನಕ್ಕೆ ಏಳೆಂಟು ಸಲ ದಪ್ಪಗೆ ಮೆತ್ತುತ್ತಿದ್ದೇನೆ. ರಾತ್ರಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮಲಗುತ್ತೇನೆ. ಈಗ ರೆಕ್ಕೆಯ ಹತ್ತಿರ ಹಕ್ಕಳೆ ನೆನೆದ ಕಾಗದದ ಹಾಗೆ ಮೆತ್ತಗಾಗಿದೆ. ಅಂಚು ಬೆಳ್ಳಗಾಗಿದೆ. ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಬಣ್ಣ ಹೋಗಿಬಿಡುತ್ತದಾ? ಬೇರೆ ಬಾಮ್ ತರಬೇಕಾ?

ಅರೆನಿದ್ದೆ:
ಹಕ್ಕಿಗೇ ತಲೆನೋವು ಇತ್ತೇನೋ ಬಿಡಿ. ನಗಬಾರದಿತ್ತು, ಕ್ಷಮಿಸಿ. ನಾನು ಇದನ್ನೂ ಮೀರಿಸುವ ಘನಕಾರ್ಯ ಮಾಡಿದ್ದೇನೆ, ಆದರೆ ಇಲ್ಲಿ ಬರೆಯುವುದಿಲ್ಲ.

ಕಪ್ಪುಶಾಯಿ:
ಹನ್ನೊಂದು ವರ್ಷದಿಂದ ಹಚ್ಚೆ ಹಾಕುತ್ತಿದ್ದೇನೆ. ನೀಲಿಗೆರೆಯವರೇ, ಗಾಬರಿಯಾಗಬೇಡಿ. ನೀವು ಬರೆದಿದ್ದು ನೋಡಿದರೆ ನಿಮಗೆ ಬೇರೆ ಬಾಮ್ ಬೇಕಿಲ್ಲ, ಕಡಿಮೆ ಬಾಮ್ ಬೇಕು.

ಮೊದಲು ಆ ಪ್ಲಾಸ್ಟಿಕ್ ಹಾಳೆ ಎಸೆಯಿರಿ. ಅದರೊಳಗೆ ಬೆವರು, ರಸಿಕೆ, ಬಾಮ್ ಎಲ್ಲ ಸೇರಿ ಬೇಯುತ್ತಿವೆ. ಕೈ ತೊಳೆದುಕೊಂಡು, ಉಗುರುಬೆಚ್ಚಗಿನ ನೀರು ಮತ್ತು ಪರಿಮಳ ಇಲ್ಲದ ಸೋಪಿನಲ್ಲಿ ಬೆರಳ ತುದಿಯಿಂದ ಮೆಲ್ಲಗೆ ಜಿಡ್ಡು ತೆಗೆಯಿರಿ. ಹಕ್ಕಳೆಯನ್ನು ಉಗುರಿನಿಂದ ಮುಟ್ಟಲೇಬೇಡಿ. ಟವೆಲ್ ಬೇಡ, ಅದರ ದಾರ ಸಿಕ್ಕಿಕೊಳ್ಳುತ್ತದೆ. ಟಿಶ್ಯೂ ಕಾಗದ ಒತ್ತಿ ನೀರು ತೆಗೆಯಿರಿ. ಆಮೇಲೆ ಒಂದು ಇಡೀ ದಿನ ಸುಮ್ನೆ ಬಿಟ್ಟುಬಿಡಿ. ಏನೂ ಹಚ್ಚಬೇಡಿ. ಹಕ್ಕಳೆ ಮತ್ತೆ ಗಟ್ಟಿಯಾಗಲಿ.

ನಾಳೆ ಚರ್ಮ ಬಿಗಿದು ಎಳೆದ ಹಾಗೆ ಅನಿಸಲು ಶುರುವಾದಾಗ ಬಾಮ್ ತೆಗೆಯಿರಿ. ಎಷ್ಟು ಅಂದರೆ, ಅಂಗೈಯಷ್ಟು ಹಚ್ಚೆಗೆ ಅರ್ಧ ಕಡಲೆಕಾಳು. ಎರಡು ಬೆರಳ ನಡುವೆ ಇಟ್ಟು ಉಜ್ಜಿ. ಜೇನುಮೇಣ ಇರುವ ಬಾಮ್ ಡಬ್ಬಿಯಲ್ಲಿ ಗಟ್ಟಿಯಾಗಿಯೇ ಇರುತ್ತದೆ, ಬೆರಳ ಬಿಸಿಗೆ ಮೆದುವಾಗಿ ಎಣ್ಣೆಯ ಹಾಗೆ ಜಾರಲು ಸ್ವಲ್ಪ ಹೊತ್ತು ಬೇಕು. ಜನ ಇಲ್ಲೇ ಅವಸರ ಮಾಡುತ್ತಾರೆ. ಗಟ್ಟಿ ಉಂಡೆಯನ್ನೇ ಹಚ್ಚೆ ಮೇಲಿಟ್ಟು ಎಳೆಯುತ್ತಾರೆ, ಹಕ್ಕಳೆ ಅದರ ಜೊತೆಗೇ ಎದ್ದು ಬರುತ್ತದೆ. ಹಾಗಲ್ಲ. ಬೆರಳಿನಲ್ಲಿ ಕರಗಿಸಿ, ಒತ್ತಿ ಒತ್ತಿ ಹಚ್ಚಿ. ಉಜ್ಜಬೇಡಿ. ಐದು ನಿಮಿಷ ಬಿಟ್ಟು ದೀಪದ ಕೆಳಗೆ ಕೈ ಹೊರಳಿಸಿ ನೋಡಿ. ಗಾಜಿನ ಹಾಗೆ ಹೊಳೆದರೆ ಜಾಸ್ತಿಯಾಯಿತು, ಟಿಶ್ಯೂ ಒಂದು ಸಲ ಒತ್ತಿ ತೆಗೆಯಿರಿ. ದಿನಕ್ಕೆ ಎರಡು ಸಲ ಸಾಕು, ಹೆಚ್ಚೆಂದರೆ ಮೂರು.

ಬಣ್ಣದ ಮಾತು: ನೆನೆದ ಹಕ್ಕಳೆ ಬಟ್ಟೆಗೋ ಹಾಸಿಗೆಗೋ ಅಂಟಿ ಕಿತ್ತು ಬಂದರೆ ಆ ಜಾಗ ತೆಳುವಾಗಬಹುದು. ತಾನಾಗೇ ಉದುರಿದರೆ ಏನೂ ಆಗುವುದಿಲ್ಲ. ತೆಳುವಾದರೂ ಆಮೇಲೆ ತಿದ್ದಲು ಬರುತ್ತದೆ.

ಗೂಬೆಕಣ್ಣು:
ನಾನು ಚರ್ಮದ ವಿಭಾಗದಲ್ಲಿ ನರ್ಸ್. ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಗುಳ್ಳೆ ಅಂದ ಕೂಡಲೇ ನನಗೆ ಕೆಲವು ಪ್ರಶ್ನೆ ಏಳುತ್ತವೆ. ಸುತ್ತಲಿನ ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದೆಯಾ? ಮುಟ್ಟಿದರೆ ಬಿಸಿ ಇದೆಯಾ? ಹಳದಿ ಅಥವಾ ಹಸಿರು ಕೀವು, ಕೆಟ್ಟ ವಾಸನೆ? ಜ್ವರ, ಚಳಿ? ಹಚ್ಚೆಯಿಂದ ತೋಳಿನ ಕಡೆಗೆ ಕೆಂಪು ಗೆರೆ ಎದ್ದಿದೆಯಾ? ಮೊದಲ ಎರಡು ದಿನ ಕೆಂಪು, ನೋವು, ಸ್ವಲ್ಪ ಊತ ಇರುವುದು ಸಹಜ. ಮೂರನೇ ದಿನದಿಂದ ಅದು ಇಳಿಯಬೇಕು. ಇಳಿಯುವ ಬದಲು ಏರುತ್ತಿದ್ದರೆ ಇಲ್ಲಿ ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಸೋಂಕಿಗೆ ಬಾಮ್ ಔಷಧಿ ಅಲ್ಲ.

ತಲೆನೋವಿನ ಬಾಮ್ ಬಗ್ಗೆ: ಅದರಲ್ಲಿ ಮೆಂಥಾಲ್, ಕರ್ಪೂರ ಇರುತ್ತವೆ. ಗಟ್ಟಿ ಚರ್ಮಕ್ಕೆ ತಂಪು, ಹಸಿ ಗಾಯಕ್ಕೆ ಬೆಂಕಿ. ಗಾಯದ ಮೇಲೆ ಹಚ್ಚಬೇಡಿ ಅಂತ ಡಬ್ಬಿಯ ಮೇಲೇ ಬರೆದಿರುತ್ತಾರೆ. ಬೇಗ ತೊಳೆದಿದ್ದು ಒಳ್ಳೆಯದಾಯಿತು.

ನೀಲಿಗೆರೆ:
ಜ್ವರ ಇಲ್ಲ, ಕೀವು ಇಲ್ಲ, ನೋವು ಮೊನ್ನೆಗಿಂತ ಕಡಿಮೆ. ಗುಳ್ಳೆಗಳು ಕೂದಲಿನ ಬುಡದಲ್ಲೇ ಇವೆ. ನವೆ ಮಾತ್ರ ಜೀವ ತೆಗೆಯುತ್ತಿದೆ.

ಗೂಬೆಕಣ್ಣು:
ಹಾಗಾದರೆ ಜಿಡ್ಡು ಜಾಸ್ತಿಯಾಗಿ ಕೂದಲಿನ ರಂಧ್ರ ಕಟ್ಟಿಕೊಂಡಿರಬೇಕು. ಹಚ್ಚುವುದು ಕಡಿಮೆ ಮಾಡಿದರೆ ಇಳಿಯುತ್ತದೆ. ನವೆ ಬಂದಾಗ ಕೆರೆಯಬೇಡಿ, ಅಂಗೈಯಿಂದ ಮೆಲ್ಲಗೆ ತಟ್ಟಿ. ಶುದ್ಧ ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ, ಹಚ್ಚೆಯ ಪಕ್ಕದ ಚರ್ಮದ ಮೇಲೆ ಇಟ್ಟರೂ ಸಾಕು, ನರಗಳು ಮೋಸ ಹೋಗುತ್ತವೆ.

ಬರಿಗೈ:
ನನ್ನ ಮೈಮೇಲೆ ಏಳು ಹಚ್ಚೆ ಇವೆ. ಒಂದಕ್ಕೂ ಬಾಮ್ ಮುಟ್ಟಿಸಿಲ್ಲ. ತೊಳೆದು ಒಣಗಲು ಬಿಟ್ಟೆ, ಅಷ್ಟೇ. ಎಲ್ಲವೂ ಚೆನ್ನಾಗಿ ಕೂತಿವೆ. ಚರ್ಮಕ್ಕೆ ತನ್ನ ಕೆಲಸ ಗೊತ್ತು. ಈ ಬಾಮ್ ಎಲ್ಲ ಮಾರುವವರ ಹುನ್ನಾರ ಅಂತ ನನ್ನ ಅಭಿಪ್ರಾಯ.

ಒಣಚರ್ಮಿ:
ನಿಮ್ಮ ಚರ್ಮ ಎಣ್ಣೆ ಚರ್ಮ ಇರಬೇಕು. ನಾನು ಹಾಗೆ ಬಿಟ್ಟಿದ್ದಕ್ಕೆ ಕಣಕಾಲಿನ ಹಕ್ಕಳೆ ಕೆರೆ ಒಣಗಿದ ಮಣ್ಣಿನ ಹಾಗೆ ಬಿರುಕು ಬಿಟ್ಟು ರಕ್ತ ಬಂತು. ಎರಡು ಬಿರುಕಿನ ಗುರುತು ಇವತ್ತಿಗೂ ಗೆರೆಯ ನಡುವೆ ಕಾಣುತ್ತದೆ.

ಗೂಬೆಕಣ್ಣು:
ಒಣಗಲು ಬಿಡಬೇಕು ಅನ್ನುವುದು ಬಹಳ ಹಳೆಯ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ನೋಡಿದರು. ಕೆಲವನ್ನು ಗಾಳಿಗೆ ಒಣಗಲು ಬಿಟ್ಟರು, ಕೆಲವನ್ನು ತೆಳು ಪ್ಲಾಸ್ಟಿಕ್ ಪೊರೆಯಲ್ಲಿ ಮುಚ್ಚಿ ತೇವ ಉಳಿಸಿದರು. ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡರಷ್ಟು ಬೇಗ ಹರಡಿತು. ಕಾರಣ ಸರಳ. ಹೊಸ ಜೀವಕೋಶಗಳು ತೇವದ ಮೇಲೆ ಜಾರಿಕೊಂಡು ಹೋಗುತ್ತವೆ. ಗಟ್ಟಿ ಹಕ್ಕಳೆ ಇದ್ದರೆ ಅದರ ಅಡಿಯಲ್ಲಿ ಕೊರೆದುಕೊಂಡು ಹೋಗಬೇಕು. ಇವತ್ತಿನ ಎಷ್ಟೋ ಗಾಯದ ಪಟ್ಟಿಗಳು ಆ ಲೆಕ್ಕದ ಮೇಲೆಯೇ ನಿಂತಿವೆ.

ಆದರೆ ತೇವ ಬೇರೆ, ಒದ್ದೆ ಬೇರೆ. ನೀಲಿಗೆರೆಯವರ ಕೈಗೆ ಆಗಿದ್ದು ಎರಡನೆಯದು.

ನೀಲಿಗೆರೆ:
ಅವರೂ ಪ್ಲಾಸ್ಟಿಕ್ ಮುಚ್ಚಿದರು, ನಾನೂ ಮುಚ್ಚಿದೆ. ಅವರಿಗೆ ವಿಜ್ಞಾನಿ ಅಂತ ಹೆಸರು, ನನಗೆ ಗುಳ್ಳೆ!

ಕಪ್ಪುಶಾಯಿ:
ಹಚ್ಚೆಗೆಂದೇ ಅಂಟಿಸುವ ಪಾರದರ್ಶಕ ಪೊರೆ ಬರುತ್ತದೆ, ಪಾಲಿಯುರೆಥೇನ್ ಪೊರೆ. ಒಳಗಿನ ನೀರಾವಿ ಹೊರಗೆ ಹೋಗುತ್ತದೆ, ಹೊರಗಿನ ನೀರು, ಕೊಳೆ ಒಳಗೆ ಬರುವುದಿಲ್ಲ. ಅಡುಗೆಮನೆಯ ಹಾಳೆಗೆ ಆ ಗುಣ ಇಲ್ಲ. ಇನ್ನೊಂದು ವಿಷಯ, ಪೊರೆಯ ಕೆಳಗೆ ಬಾಮ್ ಹಚ್ಚುವಂತಿಲ್ಲ, ಅಂಟು ಹಿಡಿಯುವುದೇ ಇಲ್ಲ. ಪೊರೆ ತೆಗೆದ ಮೇಲೆಯೇ ಬಾಮಿನ ಸರದಿ. ಅಂಟಿಗೆ ಕೆಲವರ ಚರ್ಮ ಕೆಂಪಾಗುತ್ತದೆ, ಅಂಥವರು ತಕ್ಷಣ ತೆಗೆಯಬೇಕು.

ಬರಿಗೈ ಅವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ತೆಳು ಗೆರೆಯ ಸಣ್ಣ ಹಚ್ಚೆಗೆ ಏನೂ ಹಚ್ಚದೆಯೂ ನಡೆಯುತ್ತದೆ. ಬಣ್ಣ ಗಟ್ಟಿಯಾಗಿ ತುಂಬಿದ ಕಡೆ ಚರ್ಮಕ್ಕೆ ಪೆಟ್ಟು ಜಾಸ್ತಿ, ಅಲ್ಲಿ ಬೇಕು. ನನ್ನ ಹತ್ತಿರ ತಿದ್ದಿಸಲು ಬರುವವರಲ್ಲಿ ಬಾಮ್ ಹಚ್ಚದೆ ಕೆಡಿಸಿಕೊಂಡವರಿಗಿಂತ ಮೆತ್ತಿ ಮೆತ್ತಿ ಕೆಡಿಸಿಕೊಂಡವರೇ ಜಾಸ್ತಿ. ಪ್ರೀತಿ ಹೆಚ್ಚಾಗಿ ಗಿಡಕ್ಕೆ ನೀರು ಸುರಿದು ಕೊಳೆಸುತ್ತಾರಲ್ಲ, ಹಾಗೆ.

ಜೇನುಗೂಡು:
ಮನೆಯಲ್ಲೇ ಬಾಮ್ ಮಾಡುವವರು ಯಾರಾದರೂ ಇದ್ದೀರಾ? ನಾನು ಜೇನುಮೇಣ ಒಂದು ಪಾಲು, ಶಿಯಾ ಬೆಣ್ಣೆ ಒಂದು ಪಾಲು, ಕೊಬ್ಬರಿ ಎಣ್ಣೆ ಎರಡು ಪಾಲು ತೂಗಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತೇನೆ. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು, ಕೊಬ್ಬರಿ ಎಣ್ಣೆ 24 ಡಿಗ್ರಿಗೇ ನೀರಾಗುತ್ತದೆ. ಹಾಗಾಗಿ ಮೇಣ ಮೊದಲು ಹಾಕಿ, ಎಣ್ಣೆ ಕೊನೆಗೆ. ಆರುವಾಗ ಕಡ್ಡಿಯಲ್ಲಿ ತಿರುವುತ್ತಾ ಇರಬೇಕು, ಇಲ್ಲದಿದ್ದರೆ ಶಿಯಾ ರವೆರವೆಯಾಗಿ ನಿಲ್ಲುತ್ತದೆ. ನೀರು ಒಂದು ಹನಿಯೂ ಇಲ್ಲದ್ದರಿಂದ ಕೆಡದಂತೆ ಬೇರೇನೂ ಬೆರೆಸುವುದಿಲ್ಲ.

ಗೂಬೆಕಣ್ಣು:
ವಾಸಿಯಾದ ಹಚ್ಚೆಗೆ ಧಾರಾಳವಾಗಿ ಹಚ್ಚಿ. ಹಸಿ ಹಚ್ಚೆಗೆ ಮಾತ್ರ ಮನೆಯ ಬಾಮ್ ಬೇಡ ಅನ್ನುತ್ತೇನೆ. ಸೂಜಿ ಸಾವಿರಾರು ಸಲ ಚುಚ್ಚಿದ ಜಾಗ ಅದು, ನಮ್ಮ ಪಾತ್ರೆ, ಕಡ್ಡಿ ಅಷ್ಟು ಶುದ್ಧ ಇರುವುದಿಲ್ಲ. ನೀರಿಲ್ಲದ ಬಾಮಿನಲ್ಲಿ ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯುವುದಿಲ್ಲ, ನಿಜ. ಆದರೆ ಸ್ನಾನ ಮಾಡಿ ಬಂದ ಒದ್ದೆ ಬೆರಳನ್ನು ಡಬ್ಬಿಗೆ ಅದ್ದಿದರೆ ನೀರು ಒಳಗೆ ಹೋಯಿತಲ್ಲ! ಒಣ ಚಮಚದಲ್ಲಿ ತೆಗೆಯಿರಿ. ಎಣ್ಣೆ ಕಮಟು ವಾಸನೆ ಬಂದರೆ ಎಸೆಯಿರಿ.

ಅರೆನಿದ್ದೆ:
ಸುಮ್ನೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಆಗುವುದಿಲ್ವಾ? ಎಲ್ಲರ ಮನೆಯಲ್ಲೂ ಇರುತ್ತದೆ.

ಗೂಬೆಕಣ್ಣು:
ಅದು ಒಳ್ಳೆಯ ಪದಾರ್ಥವೇ. ಅಮೆರಿಕದಲ್ಲಿ ಎಣ್ಣೆ ಬಾವಿ ಕೊರೆಯುವವರು ಯಂತ್ರದ ಕಂಬಿಗೆ ಅಂಟಿದ ಮೇಣವನ್ನು ಗಾಯಕ್ಕೆ ಸವರಿಕೊಳ್ಳುತ್ತಿದ್ದರು. ರಾಬರ್ಟ್ ಚೆಸ್‌ಬ್ರೋ ಅದನ್ನು ನೋಡಿ, ಶುದ್ಧ ಮಾಡಿ, ವ್ಯಾಸಲೀನ್ ಎಂಬ ಹೆಸರಿಟ್ಟು 1872ರಲ್ಲಿ ಪೇಟೆಂಟ್ ಪಡೆದರು. ಚರ್ಮದಿಂದ ಆವಿಯಾಗುವ ನೀರಿನಲ್ಲಿ ಶೇಕಡ 98ರಷ್ಟನ್ನು ಅದು ತಡೆಯಬಲ್ಲದು. ಬೇರೆ ಯಾವ ಎಣ್ಣೆಯೂ ಅದರ ಹತ್ತಿರ ಬರುವುದಿಲ್ಲ. ಅಲರ್ಜಿ ಬರುವುದೂ ತೀರಾ ಅಪರೂಪ. ತೊಂದರೆ ಇಷ್ಟೇ, ಅಷ್ಟು ಚೆನ್ನಾಗಿ ಮುಚ್ಚುವುದರಿಂದ ದಪ್ಪಗೆ ಹಚ್ಚಿದರೆ ಹಸಿ ಹಚ್ಚೆ ಬೇಗ ನೆನೆದುಹೋಗುತ್ತದೆ. ಬೆರಳಿಗೆ ತಾಗಿದ ಹಾಗೆ ಹಚ್ಚಿದರೆ ಸಾಕು.

ಕಪ್ಪುಶಾಯಿ:
ನನಗೆ ಹಸಿ ಹಚ್ಚೆಗೆ ಡೆಕ್ಸ್‌ಪ್ಯಾಂಥೆನಾಲ್ (ಚರ್ಮದ ತೇವ ಉಳಿಸುವ ಪದಾರ್ಥ) ಇರುವ ಮುಲಾಮು ಇಷ್ಟ. ಬೆರಳಿಗೆ ಬೇಗ ಹರಡುತ್ತದೆ, ಹಾಗಾಗಿ ಜನ ಮೆತ್ತುವುದಿಲ್ಲ. ಗಟ್ಟಿ ಮೇಣದ ಬಾಮ್ ಏನಿದ್ದರೂ ಸಿಪ್ಪೆ ಎದ್ದು ಮುಗಿದ ಮೇಲೆ ಅಂತ ಹೇಳುತ್ತೇನೆ.

ಕೆಂಜಿಗ:
ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ. ನನ್ನ ಭುಜದ ಹಚ್ಚೆಗೆ "ಪೂರ್ತಿ ನೈಸರ್ಗಿಕ" ಅಂತ ಬರೆದಿದ್ದ ಬಾಮ್ ಹಚ್ಚಿದೆ. ಒಂದು ವಾರ ಚೆನ್ನಾಗಿತ್ತು. ಒಂಬತ್ತನೇ ದಿನ ದದ್ದು ಎದ್ದಿತು. ಹಚ್ಚೆ ಇದ್ದದ್ದು ದುಂಡಗೆ, ದದ್ದು ಎದ್ದಿದ್ದು ಬೆರಳು ಓಡಿದ ದಾರಿಯಲ್ಲೆಲ್ಲ. ಕುತ್ತಿಗೆಯ ತನಕ ನನ್ನ ಬೆರಳಿನ ಅಗಲದ ಎರಡು ಕೆಂಪು ಪಟ್ಟೆ! ಡಾಕ್ಟರು ನೋಡಿದ ಕೂಡಲೇ "ಏನು ಹಚ್ಚಿದಿರಿ" ಅಂತ ಕೇಳಿದರು. ತಪಾಸಣೆ ಮಾಡಿದಾಗ ಲ್ಯಾನೋಲಿನ್ ಅಲರ್ಜಿ ಅಂತ ಗೊತ್ತಾಯಿತು. ಕುರಿಯ ಉಣ್ಣೆಯಿಂದ ತೆಗೆಯುವ ಮೇಣ ಅದು. ನೈಸರ್ಗಿಕವೇ, ಇಲ್ಲ ಅನ್ನುವುದಿಲ್ಲ. ಚೇಳು ಕೂಡ ನೈಸರ್ಗಿಕವೇ.

ಗೂಬೆಕಣ್ಣು:
ಚೇಳಿನ ಮಾತು ನಾಳೆ ವಾರ್ಡಿನಲ್ಲಿ ಬಳಸುತ್ತೇನೆ. ಅಮೆರಿಕದ ಸಂಪರ್ಕ ಅಲರ್ಜಿ ತಜ್ಞರ ಸಂಘ ಪ್ರತಿ ವರ್ಷ ಒಂದು ಪದಾರ್ಥವನ್ನು "ವರ್ಷದ ಅಲರ್ಜಿಕಾರಕ" ಅಂತ ಆರಿಸುತ್ತದೆ. 2023ರಲ್ಲಿ ಲ್ಯಾನೋಲಿನ್ ಸರದಿ. 2010ರಲ್ಲಿ ನಿಯೋಮೈಸಿನ್, ಅಂದರೆ ಗಾಯಕ್ಕೆ ಹಚ್ಚುವ ಎಷ್ಟೋ ಆ್ಯಂಟಿಬಯೋಟಿಕ್ ಮುಲಾಮುಗಳಲ್ಲಿ ಇರುವ ಔಷಧಿ. "ಸೋಂಕು ಬರದಿರಲಿ" ಅಂತ ಮುಂಚಿತವಾಗಿ ಆ ಮುಲಾಮು ಹಚ್ಚುವವರು ಇದ್ದಾರಲ್ಲ, ಅವರು ಇದನ್ನು ಓದಲಿ. ಲ್ಯಾವೆಂಡರ್, ಟೀ ಟ್ರೀ ಎಣ್ಣೆ ಕೂಡ ಕೆಲವರಿಗೆ ಆಗುವುದಿಲ್ಲ. ಹೊಸ ಬಾಮ್ ತಂದಾಗ ಮೊಣಕೈ ಒಳಮಡಿಕೆಗೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಒಂದೇ ದಿನ ಹಚ್ಚಿ ಏನೂ ಆಗಲಿಲ್ಲ ಅಂದರೆ ಅದು ಪರೀಕ್ಷೆಯಲ್ಲ. ಕೆಂಜಿಗ ಅವರಿಗೆ ಒಂಬತ್ತನೇ ದಿನ ಬಂದಿದ್ದು ನೋಡಿ.

ಕೆಂಜಿಗ ಹೇಳಿದ "ಬೆರಳು ಓಡಿದ ದಾರಿ" ನೆನಪಿಡುವಂಥದ್ದು. ದದ್ದು ಬಾಮ್ ಹರಡಿದಲ್ಲೆಲ್ಲ ಇದ್ದರೆ ಅನುಮಾನ ಬಾಮಿನ ಮೇಲೆ. ಒಂದೇ ಬಣ್ಣದ ಜಾಗ ಮಾತ್ರ ಉಬ್ಬಿ, ನವೆಯಾಗಿ, ಪಕ್ಕದ ಕಪ್ಪು ಗೆರೆ ಸುಮ್ಮನಿದ್ದರೆ ಅನುಮಾನ ಶಾಯಿಯ ಮೇಲೆ. ಶಾಯಿಯ ಅಲರ್ಜಿ ಜಾಸ್ತಿ ಕಾಣುವುದು ಕೆಂಪು ಬಣ್ಣಕ್ಕೆ. ತಿಂಗಳು, ವರ್ಷ ಕಳೆದ ಮೇಲೂ ಏಳಬಹುದು. ಅದಕ್ಕೆ ಯಾವ ಬಾಮೂ ನಾಟುವುದಿಲ್ಲ, ಚರ್ಮದ ಡಾಕ್ಟರೇ ನೋಡಬೇಕು.

ಹಳೇಗೆರೆ:
ನನ್ನದು ಇಪ್ಪತ್ತಾರು ವರ್ಷ ಹಳೆಯ ಹಚ್ಚೆ. ತೋಳಿನ ಮೇಲೆ ಒಂದು ಹಾಯಿದೋಣಿ. ಈಗ ಹಾಯಿ ಯಾವುದು, ಮೋಡ ಯಾವುದು ಅಂತ ಹೇಳುವುದು ಕಷ್ಟ. ಆದರೆ ಬಾಮ್ ಹಚ್ಚಿದ ಕೂಡಲೇ ಹಗ್ಗದ ಗೆರೆ ಕೂಡ ಎದ್ದು ಕಾಣುತ್ತದೆ. ಸಂಜೆಗೆ ಮತ್ತೆ ಮಸುಕು. ದಿನಾ ಹಚ್ಚಿದರೆ ಬಣ್ಣ ವಾಪಸ್ ಬರುತ್ತದಾ?

ಕಪ್ಪುಶಾಯಿ:
ಬರುವುದಿಲ್ಲ ಯಜಮಾನರೇ. ನದಿಯ ಕಲ್ಲು ಒಣಗಿದ್ದಾಗ ಬೂದು, ನೀರು ಬಿದ್ದ ಕೂಡಲೇ ಅದರ ಬಣ್ಣವೆಲ್ಲ ಕಾಣುತ್ತದೆ ಅಲ್ವಾ? ಕಲ್ಲಿನ ಬಣ್ಣ ಬದಲಾಗಿಲ್ಲ. ಒಣ ಚರ್ಮದ ಮೇಲ್ಪದರದಲ್ಲಿ ಸಣ್ಣ ಸಣ್ಣ ಸಿಪ್ಪೆಗಳು ಎದ್ದಿರುತ್ತವೆ, ಬೆಳಕು ಅವಕ್ಕೆ ಬಡಿದು ಚೆದುರುತ್ತದೆ. ಬಾಮ್ ಆ ಸಂದುಗಳನ್ನು ತುಂಬಿ ನುಣುಪು ಮಾಡುತ್ತದೆ. ಕೆಳಗಿರುವ ಬಣ್ಣ ನೇರವಾಗಿ ಕಣ್ಣಿಗೆ ಬೀಳುತ್ತದೆ. "ಬಣ್ಣ ಮರಳಿ ತರುತ್ತದೆ" ಅಂತ ಯಾವ ಡಬ್ಬಿಯ ಮೇಲೆ ಬರೆದಿದ್ದರೂ ಒಳಗೆ ನಡೆಯುವುದು ಇಷ್ಟೇ.

ನೀಲಿಗೆರೆ:
ಅಂದರೆ ಬಾಮ್ ಶಾಯಿಯ ತನಕ ಇಳಿಯುವುದೇ ಇಲ್ವಾ? ನಾನು ಬಣ್ಣಕ್ಕೆ ಪೋಷಣೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ.

ಗೂಬೆಕಣ್ಣು:
ಶಾಯಿ ಇರುವುದು ಒಳಚರ್ಮದಲ್ಲಿ, ಮೇಲಿನಿಂದ ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ. ಹೊರಚರ್ಮ ಸುಮಾರು ನಾಲ್ಕು ವಾರಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಶಾಯಿ ಅಲ್ಲೇ ನಿಂತಿದ್ದರೆ ಒಂದೆರಡು ತಿಂಗಳಲ್ಲಿ ಹಚ್ಚೆ ಉದುರಿಹೋಗುತ್ತಿತ್ತು. ಬಾಮ್ ಕೆಲಸ ಮಾಡುವುದು ಆ ಹೊರಪದರದ ಮೇಲೆ.

ಒಳಗಿನ ಕಥೆ ಇನ್ನೂ ಸೊಗಸು. ಶಾಯಿಯ ಕಣಗಳು ಬಂದಾಗ ದೇಹದ ಕಾವಲು ಕೋಶಗಳಾದ ಮ್ಯಾಕ್ರೋಫೇಜ್‌ಗಳು "ಯಾರಪ್ಪಾ ಇವರು" ಅಂತ ನುಂಗಿಬಿಡುತ್ತವೆ. ನುಂಗುತ್ತವೆ, ಅರಗಿಸಿಕೊಳ್ಳಲು ಆಗುವುದಿಲ್ಲ. ಹಾಗೇ ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತವೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ, ಆ ಕೋಶಗಳನ್ನು ಬೇಕಂತಲೇ ಸಾಯಿಸಿ ನೋಡಿದರು. ಹಚ್ಚೆ ಹಾಗೇ ಇತ್ತು! ಸತ್ತ ಕೋಶ ಬಿಟ್ಟ ಶಾಯಿಯನ್ನು ಹೊಸದಾಗಿ ಬಂದ ಕೋಶ ಎತ್ತಿಕೊಂಡಿತ್ತು. ಹಳೇಗೆರೆಯವರ ದೋಣಿಯನ್ನು ಈ ಕೋಶಗಳು ಇಪ್ಪತ್ತಾರು ವರ್ಷ ಹೀಗೆ ಕೈಯಿಂದ ಕೈಗೆ ದಾಟಿಸಿಕೊಂಡು ಬಂದಿವೆ ಅನ್ನಬಹುದು.

ಅರೆನಿದ್ದೆ:
1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಸಿ ಎಂಬ ಹಿಮಮಾನವನ ಮೈಮೇಲೆ 61 ಹಚ್ಚೆ ಗುರುತು ಇವೆ. 5000 ವರ್ಷಕ್ಕೂ ಹಳೆಯವು. ಅವನು ಯಾವ ಬಾಮ್ ಹಚ್ಚುತ್ತಿದ್ದ ಅಂತ ಯಾರಾದರೂ ಹೇಳಿ, ನಾನೂ ತರಿಸುತ್ತೇನೆ.

ಬರಿಗೈ:
ಏನೂ ಹಚ್ಚಿರಲಿಕ್ಕಿಲ್ಲ. ನಾನು ಹೇಳಲಿಲ್ವಾ?

ಕಪ್ಪುಶಾಯಿ:
ಮಸಿಯ ಹಚ್ಚೆ ಅವನದ್ದು. ಅದರ ಮೇಲೆ ಸಾವಿರಾರು ವರ್ಷ ಹಿಮದೊಳಗೆ, ಬಿಸಿಲೇ ಇಲ್ಲದೆ ಮಲಗಿದ್ದ. ನಾವು ಬಿಸಿಲಿಗೆ ಓಡಾಡುವವರು. ಬಣ್ಣ ತಿನ್ನುವುದು ಬಿಸಿಲು. ಅದರ ಅತಿನೇರಳೆ ಕಿರಣ ಶಾಯಿಯನ್ನು ನಿಧಾನಕ್ಕೆ ಒಡೆಯುತ್ತದೆ. ಹಳೇಗೆರೆಯವರು ದಿನಾ ಹಚ್ಚಬೇಕಾದ್ದು ಏನಾದರೂ ಇದ್ದರೆ ಅದು ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಜಾಸ್ತಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಮೊದಲು ಬಾಮ್ ದಪ್ಪಗೆ ಹಚ್ಚಿ ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಿದರೆ ಜಾರಿಹೋಗುತ್ತದೆ. ಬಿಸಿಲಿಗೆ ಹೋಗುವ ದಿನ ಬಾಮ್ ರಾತ್ರಿಗೆ ಇಟ್ಟುಕೊಳ್ಳಿ. ಹಸಿ ಹಚ್ಚೆಗೆ ಸನ್‌ಸ್ಕ್ರೀನ್ ಬೇಡವೇ ಬೇಡ, ತೋಳು ತುಂಬ ಬಟ್ಟೆ ಹಾಕಿ.

ಒಣಚರ್ಮಿ:
ವಾಸಿಯಾದ ಮೇಲೆ ನಾನು ಕಂಡುಕೊಂಡ ದಾರಿ: ಸ್ನಾನ ಮಾಡಿ ಮೈ ಇನ್ನೂ ಸ್ವಲ್ಪ ತೇವ ಇರುವಾಗಲೇ ಬಾಮ್ ಸವರುವುದು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಮೇಲೆ ಜಿಡ್ಡು, ಒಳಗೆ ಒಣ. ಬಾಮಿನಲ್ಲಿ ನೀರೇ ಇಲ್ಲವಲ್ಲ, ಉಳಿಸಲು ಏನಾದರೂ ಇರಬೇಕು.

ನೀಲಿಗೆರೆ:
ಇಪ್ಪತ್ತನೇ ದಿನದ ವರದಿ. ಪ್ಲಾಸ್ಟಿಕ್ ಬಿಟ್ಟ ಎರಡೇ ದಿನಕ್ಕೆ ಹಕ್ಕಳೆ ಗಟ್ಟಿಯಾಯಿತು. ಗುಳ್ಳೆಗಳು ಒಂದು ವಾರದಲ್ಲಿ ಹೋದವು. ಲ್ಯಾವೆಂಡರ್ ಬಾಮ್ ಪಕ್ಕಕ್ಕಿಟ್ಟು ಪರಿಮಳ ಇಲ್ಲದ ಮುಲಾಮು ಹಚ್ಚಿದೆ, ಅರ್ಧ ಕಡಲೆಕಾಳು, ದಿನಕ್ಕೆ ಎರಡು ಸಲ. ಒಂಬತ್ತನೇ ದಿನ ಎದ್ದಾಗ ದಿಂಬಿನ ಮೇಲೆ ನೀಲಿ ಸಿಪ್ಪೆ ಉದುರಿತ್ತು. ಎದೆ ಧಸಕ್ ಅಂತು. ಬಣ್ಣವೆಲ್ಲ ದಿಂಬಿಗೆ ಬಂತು ಅಂದುಕೊಂಡೆ. ನೋಡಿದರೆ ಹಕ್ಕಿ ಅಲ್ಲೇ ಇದೆ, ಹಾಲಿನ ಪೊರೆ ಮುಚ್ಚಿದ ಹಾಗೆ ಸ್ವಲ್ಪ ಮಂಕು.

ಬಾಲದ ತುದಿಯಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಜಾಗ ತೆಳುವಾಗಿದೆ. ತಲೆನೋವಿನ ಬಾಮ್ ಮುಟ್ಟಿದ್ದು ಅಲ್ಲೇ. ಅದರಿಂದಲೇ ಆಯಿತಾ ಗೊತ್ತಿಲ್ಲ, ನಿದ್ದೆಯಲ್ಲಿ ಕೆರೆದಿರಲೂಬಹುದು. ಅಮ್ಮ ಆ ಡಬ್ಬಿಯ ಮುಚ್ಚಳಕ್ಕೆ ಕಾಗದ ಅಂಟಿಸಿ "ಹಣೆಗೆ ಮಾತ್ರ" ಅಂತ ಬರೆದಿಟ್ಟಿದ್ದಾರೆ. ಈಗಲೇ ತಿದ್ದಿಸಬಹುದಾ?

ಕಪ್ಪುಶಾಯಿ:
ಬೇಡ. ಮೇಲೆ ವಾಸಿಯಾದ ಹಾಗೆ ಕಂಡರೂ ಒಳಗೆ ಇನ್ನೂ ಕೆಲಸ ನಡೆಯುತ್ತಿರುತ್ತದೆ. ಆ ಹಾಲಿನ ಪೊರೆಯೂ ಹೊಸ ಚರ್ಮವೇ, ತಾನಾಗೇ ತಿಳಿಯಾಗುತ್ತದೆ. ಎರಡು ತಿಂಗಳು ಬಿಟ್ಟು ನಿಮ್ಮ ಹಚ್ಚೆ ಹಾಕಿದವರಿಗೇ ತೋರಿಸಿ, ಐದು ನಿಮಿಷದ ಕೆಲಸ. ಈ ನಡುವೆ ಈಜಲು ಹೋಗುವುದಿದ್ದರೆ ಇನ್ನೊಂದು ವಾರ ತಡೆಯಿರಿ.